ಸೋಮವಾರ ವಾಪಸ್

ಆ ಪರದೇಶದ ರೂಢಿಯಂತೆ, ತೀರಿಕೊಂಡು ಕೆಲವು ವಾರಗಳಾದ ಮೇಲೆ, ಶುಕ್ರವಾರ ಲಾವಣ್ಯಾಳ ಗಂಡ ಸ್ಕಂದನ ಅಂತ್ಯಸಂಸ್ಕಾರ ಮುಗಿದಿತ್ತು. ಸೋಮವಾರ ಬೆಳಿಗ್ಗೆ ಅವಳು ಹಾಲು ಕಾಯಿಸುತ್ತಿದ್ದಾಗ ಅವನ ಸಹೋದ್ಯೋಗಿ ರಾಜಗೋಪಾಲರ ಫೋನ್ ಬಂತು.

"ಗಾಬರಿ ಆಗ್ಬೇಡಮ್ಮ. ಸ್ಕಂದ ಮೇಲ್ ಮಾಡಿದಾನೆ."

ಅಂತ್ಯಸಂಸ್ಕಾರದ ಫೋಟೊಗಳನ್ನು ಎಲ್ಲರಿಗೂ ಕಳಿಸುವ ಭರದಲ್ಲಿ ಅವರು ಸ್ಕಂದನಿಗೂ ಕಳಿಸಿಬಿಟ್ಟಿದ್ದರು. ಕೊನೆಯ ಪ್ರವಾಸಕ್ಕೆ ಹೊರಡುವಾಗ ಅವನು ಹಾಕಿಟ್ಟಿದ್ದ ಆಟೊ-ರಿಪ್ಲೈ ತಕ್ಷಣ ಬಂದಿತ್ತು: 'ಊರಲ್ಲಿಲ್ಲ. ಸೋಮವಾರ ವಾಪಸ್.'

ಅರ್ಧ ಗಂಟೆಯಲ್ಲಿ ರಾಜಗೋಪಾಲರೂ, ಸಾರಿನ ಡಬ್ಬಿ ಹಿಡಿದ ಹೆಂಡತಿ ಪದ್ಮಿನಿಯೂ ಬಂದಿಳಿದರು.

"ಇವತ್ತೇ ನಿಲ್ಲಿಸ್ಬೇಕು ಕಣೇ. ಹೋದವರ ಮೇಲ್ ಹಿಂಗೆ ಓಡಾಡ್ಕೊಂಡಿರಬಾರದು," ಎಂದರು ಪದ್ಮಿನಿ.

ನಿಲ್ಲಿಸುವುದು ಲಾವಣ್ಯಾಳಿಗೆ ಬೇಡವಾಗಿತ್ತು. ಇಷ್ಟು ವಾರ ಅವಳೂ ಸ್ಕಂದನಿಗೆ ಮೇಲ್ ಬರೆಯುತ್ತಿದ್ದಳು. ಪ್ರತಿ ಸಲವೂ ಅದೇ ಉತ್ತರ. ಮನುಷ್ಯ ಬೂದಿಯಾದ ಮೇಲೂ ಎಲ್ಲೋ ಒಂದು ಯಂತ್ರ ಅವನ ಮಾತನ್ನು ಉಳಿಸಿಕೊಂಡಿದೆಯಲ್ಲ ಎಂದು ಬೆರಗಾಗುತ್ತಿದ್ದಳು. ಸಾರು ತಂದವರೆದುರು ಇದನ್ನು ಹೇಗೆ ಹೇಳುವುದು?

ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ರಾಜಗೋಪಾಲರು 'ಮರೆತಿದ್ದೇನೆ' ಒತ್ತಿದರು. ಸ್ಕಂದನೇ ಬರೆದಿಟ್ಟ ಗುಟ್ಟಿನ ಪ್ರಶ್ನೆ ತೆರೆದುಕೊಂಡಿತು: 'ಎರವಲು ತಂದು ವಾಪಸ್ ಕೊಡದ್ದು ಏನು?'

"ನಮ್ಮ ಇಡ್ಲಿ ಪಾತ್ರೆ!" ಪದ್ಮಿನಿ ಉಸಿರೂ ತೆಗೆದುಕೊಳ್ಳಲಿಲ್ಲ.

ಅಲ್ಲ.

"ನನ್ನ ಡ್ರಿಲ್!" ಎಂದರು ರಾಜಗೋಪಾಲರು.

ಅದೂ ಅಲ್ಲ. ಪದ್ಮಿನಿ ಅಡುಗೆಮನೆಗೆ ನುಗ್ಗಿ ಇಡ್ಲಿ ಪಾತ್ರೆಯೊಂದಿಗೆ ಹೊರಬಂದರು. "ಇದನ್ನ ಕೊಟ್ಟಿದ್ದಕ್ಕೆ ಇವ್ರನ್ನ ವರ್ಷವಿಡೀ ಬೈದಿದೀನಿ!" ಸುದ್ದಿ ಹಬ್ಬಿ ಲುಲೆಯೊ ಊರಿನ ಕನ್ನಡದ ಮನೆಗಳಿಂದ ಫೋನ್ ಬರತೊಡಗಿದವು: "ಟೆಂಟ್ ಅಂತ ಹೊಡೀರಿ ಸರ್," "ನಮ್ಮ ಸೂಟ್‌ಕೇಸ್ ಇರ್ಬೇಕು!" ಊರಿನ ಅರ್ಧ ಸಾಮಾನು ತನ್ನ ಮನೆಯಲ್ಲಿತ್ತೆಂದು ಲಾವಣ್ಯಾಳಿಗೆ ಆಗಲೇ ತಿಳಿದದ್ದು.

ಉತ್ತರ ಮಾತ್ರ ಅವಳಿಗೆ ಮೊದಲೇ ಗೊತ್ತಿತ್ತು. ಮೆಲ್ಲಗೆ ಬಾಲ್ಕನಿಗೆ ಹೋಗಿ, ಕೆಳಮನೆಯ ಗುನಿಲ್ಲಾಳಿಂದ ತಂದಿದ್ದ ಸ್ಪಾರ್ಕಿನ ಮೇಲೆ, ಅಂದರೆ ಹಿಮದಲ್ಲಿ ಕಾಲಿಂದ ತಳ್ಳಿ ಓಡಿಸುವ ಕುರ್ಚಿಗಾಡಿಯ ಮೇಲೆ, ಬೆಡ್‌ಶೀಟ್ ಹೊದಿಸಿ ಬಂದಳು.

"ಇನ್ನೊಂದೇ ಚಾನ್ಸು. ತಪ್ಪಿದ್ರೆ ಲಾಕ್ ಆಗುತ್ತೆ," ರಾಜಗೋಪಾಲರು ಬೆವರೊರೆಸಿಕೊಂಡರು.

ಲಾಕ್ ಆದರೆ ಸ್ಕಂದನ ಆಟೊ-ರಿಪ್ಲೈ ಬರುತ್ತಲೇ ಇರುತ್ತದೆ. ಲಾವಣ್ಯಾ ಬಾಲ್ಕನಿಯ ಬಾಗಿಲಿಗೆ ಅಡ್ಡ ನಿಂತಳು.

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಗುನಿಲ್ಲಾ. ಚಳಿಗಾಲವೆಲ್ಲ ಕ್ಯಾನರಿ ದ್ವೀಪದಲ್ಲಿ ಬಿಸಿಲು ಕಾಯಿಸಿಕೊಂಡು ಹದವಾಗಿ ಹುರಿದ ಹಪ್ಪಳದಂತಾಗಿದ್ದಳು. ಇಂಗ್ಲಿಷಿನಲ್ಲಿ ಸಂಕೋಚದಿಂದ ಕೇಳಿದಳು: "ನನ್ನ ಸ್ಪಾರ್ಕ್ ಬೇಕಿತ್ತು..."

ಅವಳ ಮಾತು ಮುಗಿಯುವ ಮೊದಲೇ ರಾಜಗೋಪಾಲರ ಬೆರಳುಗಳು ಓಡಿದವು.

"ತೆಗೀತು! ಆಫ್ ಮಾಡ್ದೆ!" ಎಂದವರು ಇನ್‌ಬಾಕ್ಸ್ ನೋಡಿ ಕೈ ಹಿಂತೆಗೆದರು. ಮೇಲಿನ ಒಂದೆರಡು ಬಿಟ್ಟರೆ ಕೊನೆಯವರೆಗೂ ಒಂದೇ ಹೆಸರು: ಲಾವಣ್ಯಾ, ಲಾವಣ್ಯಾ, ಲಾವಣ್ಯಾ. ಪದ್ಮಿನಿ ಇಡ್ಲಿ ಪಾತ್ರೆಯನ್ನು ಸದ್ದಿಲ್ಲದೆ ಕೆಳಗಿಟ್ಟರು.

ಲಾವಣ್ಯಾ ಬೆಡ್‌ಶೀಟ್ ತೆಗೆದು ಸ್ಪಾರ್ಕನ್ನು ಬಾಗಿಲಿಗೆ ತಂದಳು.

"ನಿನ್ನೆ ಸ್ಕಂದನಿಗೆ ಮೇಲ್ ಹಾಕಿದ್ದೆ," ಎಂದಳು ಏನೂ ತಿಳಿಯದ ಗುನಿಲ್ಲಾ. "ಸೋಮವಾರ ವಾಪಸ್ ಅಂತ ಉತ್ತರ ಬಂತು. ಅದಕ್ಕೇ ಬಂದೆ. ಬಂದನಾ?"

"ಇಲ್ಲ," ಎಂದಳು ಲಾವಣ್ಯಾ, ಹಿಡಿಕೆಯನ್ನು ಅವಳ ಕೈಗಿಡುತ್ತ. "ಇದೊಂದನ್ನ ಕಳಿಸಿದಾನೆ."