ಪ್ರಭಾರ ಊಟಾಧಿಕಾರಿ

ಕಳೆದ ಜುಲೈ ತಿಂಗಳ ಮೊದಲ ಸೋಮವಾರದಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಸರಕಾರಕ್ಕೆ ಹಸಿವಾಗುವುದು ನಿಂತುಹೋಯಿತು. ಇದು ಗಾಳಿಮಾತಲ್ಲ. ಮುದ್ದೇಬಿಹಾಳದಲ್ಲಿರುವ ನಾಲ್ಕು ತಾಲ್ಲೂಕುಗಳ ಸಂಯುಕ್ತ ಖಾನಾವಳಿ ತಪಾಸಣಾ ಕಚೇರಿಯ ಪ್ರಥಮ ದರ್ಜೆ ಸಹಾಯಕ ಸಂಗಮೇಶನಾದ ನಾನು ಕಡತ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನಮ್ಮ ಕಚೇರಿಯ ಕೆಲಸ ಊಟ. ನಾಲ್ಕೂ ತಾಲ್ಲೂಕಿನ ನಲವತ್ತಮೂರು ಖಾನಾವಳಿಗಳಿಗೆ ಹೋಗಿ, ಉಂಡು, ಅವುಗಳ ಪರವಾನಗಿ ನವೀಕರಿಸುವುದು. ನಿಯಮ 14 ಸ್ಪಷ್ಟವಾಗಿದೆ: ‘ತಪಾಸಣಾಧಿಕಾರಿಯು ಪೂರ್ಣ ತಾಟು ಊಟ ಮಾಡತಕ್ಕದ್ದು. ಎರಡನೆಯ ಸಲ ಬಡಿಸಿದ್ದನ್ನು ನಿರಾಕರಿಸಕೂಡದು. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯತಕ್ಕದ್ದು. ತಾಟಿನಲ್ಲಿ ಒಂದು ಅಗುಳು ಉಳಿದರೂ ತಪಾಸಣೆ ಅಪೂರ್ಣ.’ ಈ ನಿಯಮ ಬರೆದ ಹಿಂದಿನ ಸಾಹೇಬರು ಚೆನ್ನಾಗಿ ಉಣ್ಣುತ್ತಿದ್ದರು. ‘ಅಧಿಕಾರಿಯ ಮನೆಯವರಿಗೆ ಒಂದು ಡಬ್ಬಿ’ ಎಂಬ ಉಪನಿಯಮವನ್ನೂ ಅವರೇ ಸೇರಿಸಿದರು. ಡಬ್ಬಿ ಎಷ್ಟು ದೊಡ್ಡದು ಎಂದು ಬರೆಯಲು ಮರೆತರು. ತಪಾಸಣೆ ವರ್ಷಕ್ಕೊಮ್ಮೆ ಸಾಕಿತ್ತು. ಆದರೆ ಒಂದೇ ಸಲ ಉಂಡರೆ ಸಂಶಯ ಉಳಿಯುತ್ತದೆಂದು ನಮ್ಮವರು ಹತ್ತು ಹನ್ನೆರಡು ಸಲ ಉಣ್ಣುತ್ತಿದ್ದರು. ಕರ್ತವ್ಯ ಅಂದರೆ ಕರ್ತವ್ಯ.

ಈಗಿನ ಸಾಹೇಬರು ಬಸಂತರಾಯರು. ನೂರಾ ಎಂಟು ಕಿಲೋ ತೂಗುತ್ತಿದ್ದರು, ಜೊತೆಗೆ ಸಕ್ಕರೆ ಕಾಯಿಲೆ. ಡಾಕ್ಟರ್ ಹುಮಾ ಮೇಡಂ ಸಾಹೇಬರನ್ನು ಪರೀಕ್ಷೆ ಮಾಡಿ, ವಾರಕ್ಕೊಂದರಂತೆ ಹೊಟ್ಟೆಗೆ ಚುಚ್ಚಿಕೊಳ್ಳುವ ಸೂಜಿ ಬರೆದುಕೊಟ್ಟರು. ಹಸಿವು ಇಳಿಯಿತು, ಸಕ್ಕರೆ ಇಳಿಯಿತು, ತೂಕ ಇಳಿಯಿತು, ಸಾಹೇಬರ ಬೆಲ್ಟಿಗೆ ಚಪ್ಪಲಿ ಹೊಲಿಯುವವನು ಐದು ಹೊಸ ತೂತು ಹಾಕಿದ. ಇಲ್ಲಿಯವರೆಗೆ ಯಾರದೂ ತಕರಾರಿಲ್ಲ.

ಆದರೆ ಸಾಹೇಬರು ಸಣ್ಣಗಾದ ಮೇಲೆ ಕೈಕೆಳಗಿನವರು ದಪ್ಪಗಿರುವುದು ಶಿಸ್ತಲ್ಲ. ಇಂಡಿ, ಸಿಂದಗಿ ನೋಡಿಕೊಳ್ಳುವ ತಪಾಸಕಿ ವಿದ್ಯಾವತಿ ಮೇಡಂ ತಂಗಿಯ ಮದುವೆಯ ನೆಪ ಹೇಳಿ ಸೂಜಿ ಶುರು ಮಾಡಿದರು. ಬಸವನ ಬಾಗೇವಾಡಿಯ ತಪಾಸಕ ಶಕೀಲ ಸಾಹೇಬರು, ಉಳಿದಿಬ್ಬರೂ ತೆಗೆದುಕೊಂಡಿದ್ದಾರೆಂಬ ಬಲವಾದ ಕಾರಣಕ್ಕೆ ತೆಗೆದುಕೊಂಡರು. ಹುಮಾ ಮೇಡಂ ಇಬ್ಬರನ್ನೂ ಬೈದು ಕಳಿಸಿದ್ದರು. “ನಿಮಗಿದು ಬೇಕಾಗಿಲ್ರಿ. ದಣಿವು ಬರ್ತೈತಿ, ವಾಕರಿಕಿ ಬರ್ತೈತಿ, ಹೊಟ್ಟಿ ಕಟ್ಟತೈತಿ. ಆಮ್ಯಾಲ ನನ್ನ ಕಡೆ ಬರಬ್ಯಾಡ್ರಿ” ಅಂದಿದ್ದರು. ಅವರು ಆಮೇಲೆ ಹೋಗಲಿಲ್ಲ. ಬೇರೆ ಕಡೆಯಿಂದ ಸೂಜಿ ತರಿಸಿದರು.

ಆಗಸ್ಟಿನಲ್ಲಿ ಕಚೇರಿಯ ಬಾಗಿಲಿಗೆ ಈ ಪ್ರಕಟಣೆ ಅಂಟಿಸಲಾಯಿತು. ಅಂಟಿಸಿದವನು ನಾನೇ.

‘ಸಾರ್ವಜನಿಕರ ಗಮನಕ್ಕೆ. ಸೋಮವಾರ ಸೂಜಿ. ಮಂಗಳವಾರ ವಾಕರಿಕೆ, ಒಗ್ಗರಣೆ ವಾಸನೆಯ ಬಟ್ಟೆ ತೊಟ್ಟು ಕಚೇರಿಗೆ ಬರಬಾರದು. ಬುಧವಾರ ದಣಿವು, ಅರ್ಜಿದಾರರು ತಮ್ಮ ಅರ್ಜಿಯನ್ನು ತಾವೇ ಓದಿಕೊಂಡು ತಾವೇ ಸಮಾಧಾನಪಡತಕ್ಕದ್ದು. ಗುರುವಾರ ತೇಗು, ಮೇಜಿನಿಂದ ಆರು ಅಡಿ ದೂರ ನಿಲ್ಲುವುದು. ಶುಕ್ರವಾರ ಮಲಬದ್ಧತೆ, ಅಧಿಕಾರಿ ಕುರ್ಚಿಯಲ್ಲಿ ಕಾಣದಿದ್ದರೆ ಹುಡುಕಬಾರದು. ಶನಿವಾರ ಎಂದಿನಂತೆ ಕೆಲಸ, ರಜೆ ಇಲ್ಲದಿದ್ದರೆ.’

ಜನ ಇದನ್ನು ಬಹಳ ಮೆಚ್ಚಿದರು. ಮೊದಲಾದರೆ ಕೆಲಸ ಯಾಕೆ ಆಗಲಿಲ್ಲ ಎಂದು ಯಾರೂ ಹೇಳುತ್ತಿರಲಿಲ್ಲ. ಈಗ ಮುಂಚಿತವಾಗಿಯೇ ತಿಳಿಯುತ್ತಿತ್ತು. ಶಕೀಲ ಸಾಹೇಬರು ಬುಧವಾರಗಳಂದು ಸಹಿಯ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದರು. ‘ಶಕೀ’ ಎಂಬುದನ್ನು ಸಂಕ್ಷಿಪ್ತ ಸಹಿಯೆಂದು ಅಂಗೀಕರಿಸಿ ಆದೇಶ ಹೊರಡಿಸಿದೆವು.

ತೊಂದರೆ ಶುರುವಾದದ್ದು ತಾಟಿನ ಮುಂದೆ.

ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದೆ ಚನ್ನವ್ವನ ಖಾನಾವಳಿ ಇದೆ. ಮೂವತ್ತೊಂದು ವರ್ಷದ್ದು. ಎಪಿಎಂಸಿ ಹಮಾಲರು, ಕಾಲೇಜು ಹುಡುಗರು, ಬಸ್ಸಿನ ಕಂಡಕ್ಟರುಗಳು ಎಲ್ಲ ಅಲ್ಲೇ ಉಣ್ಣುತ್ತಾರೆ. ನಾನೂ ಹನ್ನೊಂದು ವರ್ಷದಿಂದ ಅಲ್ಲೇ. ಅವಳ ಎಣ್ಣೆಗಾಯಿ ಬಾಯಿಗೆ ಬಿದ್ದಾಗ ಬಡ್ತಿ ಸಿಗಲಿಲ್ಲವೆಂಬ ದುಃಖ ಕೂಡ ನನಗೆ ನೆನಪಾಗುವುದಿಲ್ಲ. ಬಸಂತರಾಯ ಸಾಹೇಬರು ತಪಾಸಣೆಗೆಂದು ಅಲ್ಲಿ ಕುಳಿತರು. ಅರ್ಧ ರೊಟ್ಟಿ ಮುರಿದರು. ಹುಗ್ಗಿಯ ಮೇಲೆ ತುಪ್ಪ ಬಿದ್ದದ್ದು ನೋಡಿ ಕಣ್ಣು ಮುಚ್ಚಿ, ಗೋಡೆಗೆ ಒರಗಿ, ಎದ್ದು ಹೊರಗೆ ಹೋದರು. ಮೂರು ಸಲ ಹೀಗೇ ಆಯಿತು.

ನಮೂನೆಯಲ್ಲಿ ‘ಊಟ ಪೂರ್ಣವಾಗದಿದ್ದರೆ ಕಾರಣ’ ಎಂಬ ಕಾಲಂ ಇದೆ. ಅದರ ಮುಂದೆ ಒಂದೇ ಕಾರಣ ಅಚ್ಚಾಗಿದೆ: ರುಚಿಸಲಿಲ್ಲ. ನಾವು ಅದಕ್ಕೆ ಗುರುತು ಹಾಕಿದೆವು. ಮರುದಿನ ಖಾನಾವಳಿಯ ಬಾಗಿಲ ಮೇಲೆ ನೋಟೀಸು: ‘ಸದರಿ ಖಾನಾವಳಿಯ ಊಟ ಸರಕಾರಕ್ಕೆ ರುಚಿಸಿರುವುದಿಲ್ಲ. ಸೆಪ್ಟೆಂಬರ್ 30ರ ಸಂಜೆ ಐದೂವರೆಯೊಳಗೆ ರುಚಿಸದಿದ್ದಲ್ಲಿ ಬೀಗ ಜಡಿಯಲಾಗುವುದು.’

ಚನ್ನವ್ವ ಕಚೇರಿಗೆ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಒಲೆಯ ಹೊಗೆಗೆ ಕೆಂಪಾದದ್ದಲ್ಲ, ಅದು ನನಗೆ ಗೊತ್ತಿತ್ತು.

“ಸಾಹೇಬ್ರ, ಮೂರು ಸಲ ಬಂದೀರಿ, ಮೂರು ಸಲನೂ ಅರ್ಧಾ ರೊಟ್ಟಿಗೆ ಎದ್ದೀರಿ. ನನ್ನ ಕೈಯಾಗ ಏನ ತಪ್ಪೈತಿ ಹೇಳ್ರಿ. ಮಂದಿ ನೋಟೀಸ ಓದಿ ನನ್ನ ಮಾರಿ ನೋಡಾಕತ್ತಾರ.”

“ತಪ್ಪು ನಿನ್ನ ಕೈಯಾಗ ಇಲ್ಲವ್ವಾ. ನನ್ನ ಹೊಟ್ಟ್ಯಾಗ ಐತಿ.”

“ಹಂಗಂತ ಬರದು ಸಹಿ ಮಾಡ್ರಲಾ.”

“ಹೊಟ್ಟೀ ತಪ್ಪಿಗೆ ಕಾಲಂ ಇಲ್ಲವ್ವಾ” ಎಂದು ಸಾಹೇಬರು ನಿಜವಾದ ನೋವಿನಿಂದ ಹೇಳಿದರು. “ಬಾಳ ದಣಿವಾಗೇತಿ. ನಾಳೆ ಬಾ.”

“ದಣಿವು ನನಗೂ ಆಗ್ತೈತ್ರಿ. ಮುಂಜಾನಿ ನಾಕಕ್ಕ ಎದ್ದು ನಾನ್ನೂರು ರೊಟ್ಟಿ ಬಡೀತೇನಿ. ಸೂಜಿ ಇಲ್ದನ ಆಗ್ತೈತಿ.”

ಅವಳ ದಣಿವಿಗೂ ನಮ್ಮಲ್ಲಿ ಕಾಲಂ ಇರಲಿಲ್ಲ.

ಆಗಸ್ಟ್ ಮುಗಿಯುವ ಹೊತ್ತಿಗೆ ನಲವತ್ತಮೂರು ಖಾನಾವಳಿಗಳಿಗೂ ಇದೇ ನೋಟೀಸು ಹೋಗಿತ್ತು. ಚಡಚಣದಿಂದ ಗೊಳಸಂಗಿಯವರೆಗೆ ಯಾರ ಅಡಿಗೆಯೂ ಸರಕಾರಕ್ಕೆ ರುಚಿಸಿರಲಿಲ್ಲ. ಪರಿಹಾರವಾಗಿ ಮೊದಲು ನಾನೇ ಉಣ್ಣಲು ಮುಂದೆ ಬಂದೆ. ಸ್ವಾರ್ಥವಿಲ್ಲದ ಕೋರಿಕೆ ಅದು. ಆದರೆ ನಾನು ಲಿಪಿಕ ವೃಂದದವನು. ಉಣ್ಣುವ ಅಧಿಕಾರ ಕ್ಷೇತ್ರ ಸಿಬ್ಬಂದಿಗೆ ಮಾತ್ರ. ವೃಂದ ಬದಲಾವಣೆಗೆ ಮೇಲಿನ ಕಚೇರಿಗೆ ಬರೆದೆವು. ಮೂರು ತಿಂಗಳಲ್ಲಿ ಉತ್ತರ ಬರುವುದಾಗಿ ಮೂರು ದಿನದ ಮೇಲೆ ಉತ್ತರ ಬಂತು.

ಆಗ ನನ್ನ ಕಣ್ಣು ಜೀಪ್ ಡ್ರೈವರ್ ಭೀಮಶ್ಯಾನ ಮೇಲೆ ಬಿತ್ತು. ಜೀಪು ಕ್ಷೇತ್ರಕ್ಕೆ ಹೋಗುತ್ತದೆ; ಜೀಪಿನಲ್ಲಿ ಭೀಮಶ್ಯಾ ಇರುತ್ತಾನೆ; ಆದ್ದರಿಂದ ಭೀಮಶ್ಯಾ ಕ್ಷೇತ್ರ ಸಿಬ್ಬಂದಿ. ಸೆಪ್ಟೆಂಬರ್ ಏಳರಂದು ಅವನನ್ನು ನಾಲ್ಕೂ ತಾಲ್ಲೂಕುಗಳ ಪ್ರಭಾರ ಊಟಾಧಿಕಾರಿಯಾಗಿ ನೇಮಿಸಲಾಯಿತು.

“ಬರೇ ಉಣ್ಣೂದೇನ್ರಿ?” ಎಂದು ಭೀಮಶ್ಯಾ ಎರಡು ಸಲ ಕೇಳಿದ.

“ಬರೇ ಉಣ್ಣೂದಲ್ಲ, ತಾಟು ತೊಳದು ಕುಡೀಬೇಕು” ಎಂದೆ.

“ಅದನ್ನ ನಮ್ಮವ್ವ ಸಣ್ಣಾಂವ ಇದ್ದಾಗನ ಕಲಿಸ್ಯಾಳ ಬಿಡ್ರಿ” ಎಂದು ಅವನು ಅಂದೇ ಇಂಡಿಗೆ ಜೀಪು ಹೊರಡಿಸಿದ.

ದೂರದ ಊರುಗಳನ್ನು ಮೊದಲು ಮುಗಿಸಬೇಕೆಂದು ತೀರ್ಮಾನವಾಗಿತ್ತು. ದೂರಕ್ಕೆ ಪ್ರಯಾಣ ಭತ್ಯೆ ಹೆಚ್ಚು. ಉಣ್ಣದಿದ್ದರೂ ಮೂವರು ಅಧಿಕಾರಿಗಳೂ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿ ಹೋಗಿಬರುತ್ತಿದ್ದರು. ಕಚೇರಿಯಿಂದ ನಡೆದು ಐದು ನಿಮಿಷ ದೂರದ ಚನ್ನವ್ವನ ಖಾನಾವಳಿ ಸಹಜವಾಗಿಯೇ ಪಟ್ಟಿಯ ಕೊನೆಗೆ ಬಂತು. ಭೀಮಶ್ಯಾ ದಿನಕ್ಕೆರಡು ಖಾನಾವಳಿ ಉಂಡ. ಸಿಂದಗಿಯಲ್ಲಿ ಅವನಿಗೆ ಶಾಲು ಹೊದಿಸಿದರು. ಗೊಳಸಂಗಿಯಲ್ಲಿ ಅವನು ಮೂರನೆಯ ಸಲ ಹುಗ್ಗಿ ಹಾಕಿಸಿಕೊಂಡಾಗ ಜನ ಚಪ್ಪಾಳೆ ತಟ್ಟಿದರು. ಎಷ್ಟೋ ದಿನದ ಮೇಲೆ ಸರಕಾರಿ ಮನುಷ್ಯನೊಬ್ಬ ಕೆಲಸ ಪೂರ್ತಿ ಮುಗಿಸುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಸೆಪ್ಟೆಂಬರ್ 29ಕ್ಕೆ ನಲವತ್ತೆರಡು ಪರವಾನಗಿ ಮುಗಿದವು. ಅಂದೇ ಭೀಮಶ್ಯಾ ಸ್ಟೇರಿಂಗ್ ಹಿಡಿದುಕೊಂಡು ತಲೆ ಸುತ್ತಿ ಕುಳಿತುಬಿಟ್ಟ. ಹುಮಾ ಮೇಡಂ ಕಡೆ ಕರೆದೊಯ್ದು ನೋಡಿದರೆ ಒಂಬತ್ತು ಕಿಲೋ ಏರಿದ್ದ. ಸಕ್ಕರೆಯೂ ಏರಿತ್ತು. “ಇವನಿಗೂ ಸೂಜಿ ಕೊಡ್ರಲಾ” ಎಂದು ವಿದ್ಯಾವತಿ ಮೇಡಂ ಸಲಹೆ ಕೊಟ್ಟರು. ಹುಮಾ ಮೇಡಂ ವಿದ್ಯಾವತಿಯವರನ್ನು ದಿಟ್ಟಿಸಿ ನೋಡಿ, “ಇವಂಗ ಸೂಜಿ ಬ್ಯಾಡ್ರಿ. ನಿಮ್ಮ ಕಚೇರಿ ಬಿಡಸ್ರಿ ಸಾಕು” ಎಂದು ಪ್ರಮಾಣಪತ್ರ ಬರೆದರು: ‘ಶ್ರೀ ಭೀಮಶ್ಯಾ ಇವರು ಮೂರು ತಿಂಗಳು ಸರಕಾರದ ಪರವಾಗಿ ಉಣ್ಣಬಾರದು. ತಮ್ಮ ಪರವಾಗಿಯೂ ಮಿತವಾಗಿ ಉಣ್ಣತಕ್ಕದ್ದು.’

ಮೂವತ್ತನೇ ತಾರೀಖು ಬುಧವಾರ, ದಣಿವಿನ ದಿನ. ಮಧ್ಯಾಹ್ನ ನಾಲ್ಕಕ್ಕೆ ನಾವೆಲ್ಲ ಚನ್ನವ್ವನ ಖಾನಾವಳಿಗೆ ಹೋದೆವು. ಶಕೀಲ ಸಾಹೇಬರ ಕೈಯಲ್ಲಿ ಬೀಗ ಇತ್ತು. ಬೀಗದ ಭಾರಕ್ಕೆ ಸುಸ್ತಾಗಿ ಅವರು ಕುರ್ಚಿ ಹುಡುಕಿದರು. ಗಿರಾಕಿಗಳೆಲ್ಲ ಉಂಡು ಮುಗಿಸಿ, ಏನಾಗುತ್ತದೋ ನೋಡೋಣವೆಂದು ಗೋಡೆಗುಂಟ ನಿಂತಿದ್ದರು. ನಡುವೆ ತುಂಬಿದ ಒಂದು ತಾಟು. ಬಿಳಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು, ಹುಗ್ಗಿ. ನನ್ನ ಬಾಯಲ್ಲಿ ನೀರು, ಆದರೆ ನಾನು ಲಿಪಿಕ ವೃಂದ.

ಬಸಂತರಾಯ ಸಾಹೇಬರು ಮೊದಲ ತುತ್ತು ಎತ್ತಿದರು, ಇಳಿಸಿದರು. “ಆಗೂದಿಲ್ಲ. ಸಂಗಮೇಶ, ಏನರ ಹುಡುಕೋ ಮಾರಾಯಾ.”

ಹುಡುಕಿದೆ. ನನ್ನ ಜೀವನದಲ್ಲಿ ನಿಯಮಪುಸ್ತಕವನ್ನು ಅಷ್ಟು ಪ್ರೀತಿಯಿಂದ ಎಂದೂ ತಿರುವಿರಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ನಿಯಮ 22 ಸಿಕ್ಕಿತು: ‘ತುರ್ತು ಸಂದರ್ಭದಲ್ಲಿ, ಸರಕಾರಿ ನೌಕರರಲ್ಲದ, ಸ್ಥಳದಲ್ಲೇ ಹಾಜರಿರುವ, ಹಸಿದ ಯಾವುದೇ ವ್ಯಕ್ತಿಯನ್ನು ಒಂದು ಊಟದ ಅವಧಿಗೆ ಕ್ಷೇತ್ರ ಸಿಬ್ಬಂದಿಯಾಗಿ ತೆಗೆದುಕೊಳ್ಳಬಹುದು.’

ಸಾಹೇಬರು ಸುತ್ತ ನೋಡಿದರು. “ಇಲ್ಲಿ ಹಸದವರು ಯಾರದೀರಿ?”

ಅಲ್ಲಿ ಉಂಡು ಹಸಿವು ಉಳಿಸಿಕೊಂಡವರು ಇರುವುದಾದರೂ ಹೇಗೆ? ಆಗ ಒಲೆಯ ಕಡೆಯಿಂದ ದನಿ ಬಂತು.

“ನಾ ಅದೀನ್ರಿ. ಮುಂಜಾನಿಂದ ಚಾ ಬಿಟ್ಟು ಏನೂ ಹೊಟ್ಟಿಗೆ ಬಿದ್ದಿಲ್ಲ.”

ವಿದ್ಯಾವತಿ ಮೇಡಂ ಆಕ್ಷೇಪ ಎತ್ತಿದರು. ತನ್ನ ಖಾನಾವಳಿಯನ್ನು ತಾನೇ ತಪಾಸಣೆ ಮಾಡುವುದು ಹೇಗೆ? ಪುಸ್ತಕವನ್ನು ಮತ್ತೆ ನೋಡಿದೆ. ಮಾಲಕರು ಉಣ್ಣಬಾರದು ಎಂದು ಎಲ್ಲಿಯೂ ಇರಲಿಲ್ಲ. ಮಾಲಕರಿಗೂ ಹಸಿವಾಗುತ್ತದೆ ಎಂಬುದು ನಿಯಮ ಬರೆದವರಿಗೆ ಹೊಳೆದೇ ಇರಲಿಲ್ಲ. ಆದೇಶವನ್ನು ಆ ನೋಟೀಸಿನ ಬೆನ್ನಿನ ಮೇಲೇ ಬರೆದು ಸಹಿ ಮಾಡಿಸಿದೆ. ಅಲ್ಲಿಂದ ಮುಂದೆ ಚನ್ನವ್ವನವರು ಅಧಿಕಾರಿಗಳಾದ್ದರಿಂದ ಅವರನ್ನು ಬಹುವಚನದಲ್ಲೇ ಉಲ್ಲೇಖಿಸುತ್ತೇನೆ.

ಚನ್ನವ್ವನವರು ಕೈ ತೊಳೆದು ತಾಟಿನ ಮುಂದೆ ಕುಳಿತರು. ತಾವೇ ಪಲ್ಯ ಹಾಕಿಕೊಳ್ಳಲು ಹೋದಾಗ ನಾನು ತಡೆದೆ. ಅಧಿಕಾರಿಯು ತನ್ನ ಕೈಯಾರೆ ಬಡಿಸಿಕೊಳ್ಳಕೂಡದು, ನಿಯಮ 9. ಆದ್ದರಿಂದ ಬಸಂತರಾಯ ಸಾಹೇಬರು ರೊಟ್ಟಿ ಹಿಡಿದು ನಿಂತರು. ವಿದ್ಯಾವತಿ ಮೇಡಂ ಮೂಗು ಮುಚ್ಚಿಕೊಂಡು ಎಣ್ಣೆಗಾಯಿ ಹಾಕಿದರು. ಶಕೀಲ ಸಾಹೇಬರು ತುಪ್ಪದ ಚಮಚ ಎತ್ತಿ ಅಲ್ಲೇ ತೂಕಡಿಸಿದರು. ಚನ್ನವ್ವನವರ ಹುಗ್ಗಿಗೆ ತುಪ್ಪ ಧಾರಾಳವಾಗಿ ಬಿತ್ತು.

“ಇನ್ನೊಂದು ರೊಟ್ಟಿ ಹಾಕ್ಲೇನವ್ವಾ?” ಎಂದರು ಸಾಹೇಬರು.

ಚನ್ನವ್ವನವರ ಕೈ ತಾಟಿನಲ್ಲೇ ನಿಂತಿತು. “ಮೂವತ್ತೊಂದು ವರ್ಷ ಆತ್ರಿ” ಎಂದರು. “ಈ ಮಾತು ನಾ ಮಂದಿಗೆ ಕೇಳ್ತಿದ್ದೆ. ನನಗ ಯಾರೂ ಕೇಳಿದ್ದಿಲ್ಲ.” ಕಣ್ಣು ಒರೆಸಿಕೊಂಡು, “ಹಾಕ್ರಿ” ಎಂದರು.

ಇದನ್ನು ಕಡತದಲ್ಲಿ ಬರೆದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಐದೂ ಇಪ್ಪತ್ತೆಂಟಕ್ಕೆ ಅವರು ತಾಟಿಗೆ ನೀರು ಹಾಕಿ, ತೊಳೆದು, ಕುಡಿದರು. ಗೋಡೆಗುಂಟ ನಿಂತವರು ಶಿಳ್ಳೆ ಹೊಡೆದರು. ರುಚಿಯ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದೆ. ನೂತನ ಅಧಿಕಾರಿಗಳು ಕರ್ತವ್ಯದಲ್ಲಿ ಯಾರ ಮುಲಾಜೂ ಇಟ್ಟುಕೊಳ್ಳಲಿಲ್ಲ. “ಪಲ್ಯಾಕ ಉಪ್ಪು ಒಂದೀಟು ಕಮ್ಮಿ. ಬಡಸಾವ್ರು ನಿದ್ದಿ ಮಾಡ್ತಾರ, ಸುಧಾರಿಸಬೇಕು. ಉಳದದ್ದು ಬೇಷ್ ಐತಿ. ಬರೀರಿ.” ಬರೆದೆ. ಸಹಿ ಬಿತ್ತು. ಬೀಗವನ್ನು ಶಕೀಲ ಸಾಹೇಬರ ತೊಡೆಯ ಮೇಲಿಂದ ಭೀಮಶ್ಯಾ ಎತ್ತಿಕೊಂಡು ಜೀಪಿಗೆ ಹಾಕಿದ.

ಈ ವ್ಯವಸ್ಥೆ ಎಲ್ಲರಿಗೂ ಒಪ್ಪಿಗೆಯಾದ್ದರಿಂದ ಅಕ್ಟೋಬರಿನಲ್ಲಿ ಅದನ್ನೇ ನಿಯಮ ಮಾಡಲಾಯಿತು. ಈಗ ನಾಲ್ಕೂ ತಾಲ್ಲೂಕುಗಳಲ್ಲಿ ತಪಾಸಣೆಯ ದಿನ ಖಾನಾವಳಿಯವರು ಕುಳಿತು ಉಣ್ಣುತ್ತಾರೆ, ಅಧಿಕಾರಿಗಳು ಬಡಿಸುತ್ತಾರೆ. ಡಬ್ಬಿಯನ್ನು ಯಾರೂ ಒಯ್ಯುವುದಿಲ್ಲ, ವಾಸನೆಗೇ ವಾಕರಿಕೆ. ಒಂದು ಊಟಕ್ಕೇ ಕೈ ಸೋಲುವುದರಿಂದ ತಪಾಸಣೆ ವರ್ಷಕ್ಕೊಮ್ಮೆಗೆ ಇಳಿದಿದೆ. ಬಡಿಸುವುದೂ ಸುಧಾರಿಸಿದೆ. ಬಸಂತರಾಯ ಸಾಹೇಬರು ಒಮ್ಮೆಗೆ ಮೂರು ತಾಟು ಹಿಡಿಯುತ್ತಾರೆ. ಭೀಮಶ್ಯಾ ಮಿತವಾಗಿ ಉಂಡು ಜೀಪು ಓಡಿಸುತ್ತಾನೆ. ನನ್ನ ಎಣ್ಣೆಗಾಯಿ ನನಗೆ ಉಳಿದಿದೆ, ಉಪ್ಪೂ ಸರಿಯಾಗಿದೆ.

ಸರಕಾರಕ್ಕೆ ಹಸಿವು ಮರಳಿದರೆ ಹೇಗೆ ಎಂಬ ಆತಂಕ ಮಾತ್ರ ಖಾನಾವಳಿಯವರಲ್ಲಿತ್ತು. ಅದಕ್ಕೂ ವ್ಯವಸ್ಥೆಯಾಗಿದೆ. ಪ್ರತಿ ಸೋಮವಾರ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಸಾಹೇಬರ ಫೋನು ಬಡಿದುಕೊಳ್ಳುತ್ತದೆ. ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು, ಅದರ ನಡುವೆ ಚನ್ನವ್ವನವರ ಅಕ್ಕರೆಯ ದನಿ:

“ಸಾಹೇಬ್ರ, ಸೂಜಿ ಆತೇನ್ರಿ? ಮರೀಬ್ಯಾಡ್ರಿ ಮತ್ತ.”