ಅತ್ತೆಯ ಪ್ರೋಟೀನಿನ ಮನೆತನ

ಭಾಲ್ಕಿಯಲ್ಲಿ ನಮ್ಮ ಸೋದರತ್ತೆ ಎದುರಿಗೆ ಬಂದರೆ ಜನ ರಸ್ತೆ ದಾಟಿ ಆ ಕಡೆ ನಡೆಯುತ್ತಾರೆ. ಹಾಗಂತ ಆಕೆ ಜಗಳಗಂಟಿಯಲ್ಲ. "ಆರಾಮ ಇದ್ದೀರೇನ್ರಿ?" ಎಂದು ಕೇಳಿದವರಿಗೆ ಉತ್ತರ ಹೇಳುತ್ತಾಳೆ, ಅಷ್ಟೇ! ಆ ಉತ್ತರ ಕೋಟ್ಯಂತರ ವರ್ಷಗಳ ಹಿಂದಿನಿಂದ ಶುರುವಾಗುತ್ತದೆ.

ಅಪ್ಪನ ಈ ತಂಗಿ ಮದುವೆಯ ಗೊಡವೆಗೇ ಹೋಗದೆ ಪ್ರಯೋಗಾಲಯದಲ್ಲಿ ಆಯುಷ್ಯ ಕಳೆದು, ನಿವೃತ್ತಳಾಗಿ ಊರಿಗೆ ಮರಳಿದವಳು. ಅವಳ ಸಂಶೋಧನೆಯೆಲ್ಲ ಒಂದು ಜೀನುಗಳ ಕುಟುಂಬದ ಮೇಲೆ. ಕ್ಯಾನ್ಸರ್ ಗಡ್ಡೆ ಬೆಳೆದಾಗ ರಕ್ತದಲ್ಲಿ ಒಂದು ಪ್ರೋಟೀನು ಏರಿ ವೈದ್ಯರಿಗೆ ಸುಳಿವು ಕೊಡುತ್ತದಂತೆ. ಅದನ್ನು ತಯಾರಿಸುವ ಜೀನಿಗೆ ಹತ್ತಾರು ಒಡಹುಟ್ಟಿದ ಜೀನುಗಳು. ಎಲ್ಲವೂ ಒಂದೇ ಮೂಲ ಜೀನು ಮತ್ತೆ ಮತ್ತೆ ನಕಲಾಗಿ, ಪ್ರತಿ ನಕಲೂ ಚೂರುಪಾರು ಬದಲಾಗಿ ಹುಟ್ಟಿದವು. ನಾನು ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಿದೆ. ಅವಳು ಹೇಳಹತ್ತಿದರೆ ಭಾಲ್ಕಿಯಲ್ಲಿ ಬಿಟ್ಟ ಬಸ್ಸು ಔರಾದ ಮುಟ್ಟಿರುತ್ತದೆ!

ಔರಾದ ಅಂದಾಗ ಅಲ್ಲಿಯ ಒಂದು ಮದುವೆ ನೆನಪಾಯಿತು. ಗಂಡಿನ ಕಡೆಯ ಐವರು ಅಣ್ಣತಮ್ಮಂದಿರು ಊಟಕ್ಕೆ ಸಾಲಾಗಿ ಕುಳಿತಿದ್ದರು. ಐವರದೂ ಒಂದೇ ಅಚ್ಚಿನ ಮೂಗು. ಬಡಿಸುತ್ತಿದ್ದ ಅತ್ತೆ ಸೌಟು ಹಿಡಿದು ನಿಂತೇಬಿಟ್ಟಳು.

"ನೋಡ್ರಿ, ಮೂಲ ಒಂದೇ ಅದ. ಇವರೆಲ್ಲ ಅದರ ನಕಲು. ಕಡೀ ನಕಲು ಸ್ವಲ್ಪ ಕೆಟ್ಟದ, ಅಷ್ಟೇ!"

ಕಡೆಯವನೇ ಮದುಮಗ! ಅವ್ವ ಅವಳ ಕೈಯಿಂದ ಸೌಟು ಕಸಿದು ಒಳಗೆ ಎಳೆದುಕೊಂಡು ಹೋಗದಿದ್ದರೆ ಆ ಮದುವೆ ಏನಾಗುತ್ತಿತ್ತೋ!

ಇನ್ನೊಮ್ಮೆ, ಅತ್ತೆ ಕ್ಲೋನಿಂಗ್ ಮಾಡಿದವಳೆಂಬ ಸುದ್ದಿ ನಾವೆಲ್ಲ ಖಾಲಾ (ಚಿಕ್ಕಮ್ಮ) ಎನ್ನುವ ಪಕ್ಕದ ಮನೆಯಾಕೆಯ ಕಿವಿಗೆ ಬಿತ್ತು. ಆಕೆ ಎಮ್ಮೆಯನ್ನೇ ಹೊಡೆದುಕೊಂಡು ಬಂದಳು.

"ಅಕ್ಕೋರೆ, ಇಂಥಾದ್ದೇ ಇನ್ನೊಂದು ಮಾಡಿ ಕೊಡ್ರಿ."

"ಎಮ್ಮಿ ಅಲ್ರಿ ಖಾಲಾ, ನಾ ಬರೀ ಒಂದು ಜೀನ್ ತಗದು ಬ್ಯಾಕ್ಟೀರಿಯಾದಾಗ ಇಟ್ಟು ನಕಲು ಮಾಡ್ತಿದ್ದೆ. ಒಂದೇ ದಿನದಾಗ ಕೋಟಿ ಆಗ್ತಾವ!"

"ಕೋಟಿ? ಯಾ ಅಲ್ಲಾ! ಹಾಲು ಎಷ್ಟು ಕೊಡ್ತಾವ್ರಿ?"

ಅತ್ತೆ ಎಮ್ಮೆಯ ಮುಖ ನೋಡಿದಳು. ಎಮ್ಮೆ ಅತ್ತೆಯ ಮುಖ ನೋಡಿತು.

ಹೋದ ವರ್ಷ ಅವ್ವನ ಕರುಳಿನಲ್ಲಿ ಗಡ್ಡೆ ಕಂಡಿತು. ಬೀದರಿನಲ್ಲಿ ಆಪರೇಷನ್ ಆಯಿತು. ರೋಗ ಮರಳಿದೆಯೋ ಇಲ್ಲವೋ ತಿಳಿಯಲು ವೈದ್ಯರು ಒಂದು ರಕ್ತಪರೀಕ್ಷೆ ಬರೆದುಕೊಟ್ಟರು. ಯಾವುದರದು ಅಂತೀರಿ? ಅತ್ತೆಯ ಅದೇ ಪ್ರೋಟೀನಿನದು!

ವರದಿ ಬಂದ ದಿನ ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆವು. ಆಯುಷ್ಯವಿಡೀ ಆ ಪ್ರೋಟೀನಿನ ಬೆನ್ನು ಹತ್ತಿದ್ದವಳು ಲಕೋಟೆ ಒಡೆಯಲಾರದೆ ನನ್ನ ಕೈಗೆ ಕೊಟ್ಟಳು.

"ನೀನೇ ಓದು."

ಅಂಕಿ ಓದಿದೆ. ಮತ್ತೊಮ್ಮೆ ಓದಿಸಿದಳು. ಮೂರನೆಯ ಸಲ ತಾನೇ ಕಾಗದ ಕಸಿದುಕೊಂಡು ನೋಡಿದಳು.

"ಏನಂತದ ಅದು?" ಅವ್ವ ಮೆಲ್ಲಗೆ ಕೇಳಿದಳು.

"ಏರಿಲ್ಲ, ವೈನಿ," ಎಂದಳು ಅತ್ತೆ. "ಏರಿಲ್ಲ."

ಅತ್ತಿಗೆಯ ಹೆಗಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಅವ್ವ ಅವಳ ಕನ್ನಡಕ ತೆಗೆದು ತನ್ನ ಸೆರಗಿನಿಂದ ಒರೆಸುತ್ತ, "ಹುಚ್ಚಿ, ಬ್ಯಾನಿ ನನಗ, ಅಳಾಕಿ ನೀನೇನು?" ಎಂದಳು.

ಆ ಕನ್ನಡಕ ಎಷ್ಟು ಒರೆಸಿದರೂ ಒಣಗಲಿಲ್ಲ. ಅದರ ಮೇಲೆ ಅವ್ವನ ಕಣ್ಣೀರೂ ಬೀಳುತ್ತಿತ್ತು.