ಶಾಲು ಹೊದಿಸಿದ ಮೇಲೆ

ಭಾಷಣ ಕೇಳಿ ಯಾರೂ ಸತ್ತದ್ದನ್ನು ನಾನು ನೋಡಿಲ್ಲ. ಆದರೆ ಬದುಕಿನ ಮೇಲಿನ ಆಸೆ ಬಿಟ್ಟವರನ್ನು ನೋಡಿದ್ದೇನೆ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಒಬ್ಬನನ್ನು ನೋಡುತ್ತೇನೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದ ತಪ್ಪಿಗೆ ಕೊಪ್ಪಳ ಜಿಲ್ಲೆಯಲ್ಲಿ ಎಲ್ಲಿ ಮೈಕು ಕಟ್ಟಿದರೂ ನನಗೆ ಕರೆ ಬರುತ್ತದೆ. ಭಾಷಣಕ್ಕಲ್ಲ, ನಾನು ಅಷ್ಟು ದೊಡ್ಡವನಲ್ಲ, ಅತಿಥಿಗಳನ್ನು ಪರಿಚಯಿಸಲಿಕ್ಕೆ. ಅವರು ಹುಟ್ಟಿದ ಊರು, ಓದಿದ ಓದು, ಏರಿದ ಹುದ್ದೆ, ಇಲ್ಲದ ಗುಣ ಎಲ್ಲವನ್ನೂ ಹದವಾಗಿ ಬೆರೆಸಿ ಹೇಳುವುದು, ಆಮೇಲೆ ಶಾಲು ಹೊದಿಸುವವರ ಪಕ್ಕದಲ್ಲಿ ಹಣ್ಣಿನ ಬುಟ್ಟಿ ಹಿಡಿದು ಫೋಟೋದಲ್ಲಿ ಅರ್ಧ ಕಾಣಿಸುವುದು, ಇಷ್ಟು ನನ್ನ ಕೆಲಸ. ಹೆಂಡತಿ ಶಾಂತಾ ಒಮ್ಮೆ, "ಊರ ಮಂದೀನ್ನೆಲ್ಲಾ ಹೊಗಳ್ತೀರಿ, ನನ್ನ ಒಂದಿನಾನೂ ಯಾರ ಮುಂದೂ ಹಿಂಗ ಹೇಳಲಿಲ್ಲಲ್ರಿ" ಎಂದಳು. "ನಿನಗ ಇಲ್ಲದ ಗುಣಾನ ಇಲ್ಲಲ್ಲ, ಏನಂತ ಹೇಳ್ಲಿ?" ಎಂದು ಪಾರಾದೆ. ಅಂದು ರಾತ್ರಿಯ ಊಟದಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಬಿತ್ತು. ಹೊಗಳಿಕೆಯ ಶಕ್ತಿಯನ್ನು ನಾನು ಕಡೆಗಣಿಸುವವನಲ್ಲ, ಅದರಿಂದಲೇ ಹಾಳಾದೆ.

ನಮ್ಮ ಶಾಲೆ ಯಲಬುರ್ಗಾ ಕಡೆ, ಮಂಗಳೂರಿಗೆ ಹೋಗುವ ದಾರಿಯಲ್ಲಿದೆ. ಸಮುದ್ರದ ಮಂಗಳೂರಲ್ಲ, ಜೋಳದ ಮಂಗಳೂರು. ಹಿಂದೊಮ್ಮೆ ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು ಇಲ್ಲಿ ಕಾರಿಳಿದ ಕೂಡಲೇ ಊಟಕ್ಕೆ ಮೀನು ಸಿಗುತ್ತದೆಯೇ ಎಂದು ವಿಚಾರಿಸಿದ್ದರು. ಇರಲಿ. ಒಳಗಿನ ಒಂದು ಹಳ್ಳಿಯಿಂದ ಹೆಣ್ಣುಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ಬೆಳಿಗ್ಗೆ ಬಸ್ಸಿದೆ. ಸಂಜೆಯ ಬಸ್ಸು ಮಾತ್ರ ಶಾಲೆ ಬಿಡುವ ಮೊದಲೇ ಹೋಗಿಬಿಡುತ್ತದೆ. ಕೊನೆಯ ಪೀರಿಯಡ್ಡು ನನ್ನದು. ಹುಡುಗಿಯರು ನನ್ನ ಪಾಠ ಬಿಟ್ಟು ಬಸ್ಸು ಹಿಡಿಯಬೇಕು, ಇಲ್ಲವೇ ಪಾಠ ಕೇಳಿ ನಡೆದು ಹೋಗಬೇಕು. ಬಸ್ಸು ಬಿಟ್ಟು ನನ್ನ ಪಾಠ ಕೇಳುವಷ್ಟು ಹುಚ್ಚು ಯಾರಿಗಿದೆ ಎಂದು ಜೊತೆಯ ಮೇಷ್ಟ್ರುಗಳು ನಗುತ್ತಿದ್ದರು. ಒಂಬತ್ತನೆಯ ತರಗತಿಯ ರೇಣುಕಾಳಿಗಿತ್ತು. ಮುಂದಿನ ಬೆಂಚಿನಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ನಿಜವೆಂದು ನಂಬುತ್ತಿದ್ದ ಏಕೈಕ ಜೀವ ಅದು.

ಅವಳ ತಾಯಿ ಹನುಮವ್ವ ಒಂದು ದಿನ ಹೊಲದ ಕೆಲಸ ಬಿಟ್ಟು ಶಾಲೆಗೆ ಬಂದಳು. "ಸರ, ದೀಪಾವಳಿ ಮಟ ನೋಡ್ತೀನ್ರಿ. ಆಮ್ಯಾಲ ಹೊತ್ತು ಲಗೂನ ಮುಣಗತೈತಿ. ಆ ದಾರ್‍ಯಾಗ ಹುಡುಗಿ ಕತ್ತಲದಾಗ ನಡಕೋಂತ ಬರೂದು ನನಗ ಜೀವ ತಡಿಯಂಗಿಲ್ರಿ. ಬಸ್ ಆದ್ರ ಸಾಲಿ, ಇಲ್ಲಂದ್ರ ಇಷ್ಟ ಸಾಕ್ರಿ" ಎಂದಳು. "ಬಸ್ಸಿಂದು ನನಗ ಬಿಡವ್ವ" ಎಂದು ನಾನು ಎದೆ ತಟ್ಟಿಕೊಂಡೆ. ಶಾಲೆಯ ಗಂಟೆ ಬದಲಿಸಲು ಒಬ್ಬ ಮೇಲಿನವರ ಅಪ್ಪಣೆ ಬೇಕು, ಬಸ್ಸಿನ ವೇಳೆ ಬದಲಿಸಲು ಇನ್ನೊಬ್ಬ ಮೇಲಿನವರದು ಬೇಕು. ಇಬ್ಬರ ಕಚೇರಿಗೂ ಅಲೆದೆ. ಬಸ್ಸಿನ ಸಾಹೇಬರು ಬಹಳ ಸಭ್ಯರು. ಹೋದಾಗಲೆಲ್ಲ ಕೂಡಿಸಿ, ಚಹಾ ಕುಡಿಸಿ, "ನೋಡೂಣ್ರಿ ಮಾಸ್ತರ" ಎಂದು ಕಳಿಸುತ್ತಿದ್ದರು. ಚಹಾ ಚೆನ್ನಾಗಿರುತ್ತಿತ್ತು.

ಕುಷ್ಟಗಿಯ ವೀರಣ್ಣ ಮಾಸ್ತರ ನನ್ನ ಗೆಳೆಯ. ಅವನೂ ಅವನ ಬಳಗದವರೂ ಸೇರಿ ಕೊಪ್ಪಳದಲ್ಲಿ ಶಾಲಾ ಶಿಕ್ಷಣ ಮತ್ತು ಸಮಾನತೆಯ ಬಗ್ಗೆ ಸಮ್ಮೇಳನ ಮಾಡಲು ಹೊರಟಿದ್ದರು. ನನ್ನ ಗೋಳು ಕೇಳಿದ ವೀರಣ್ಣ, "ಲೇ, ಆಫೀಸಿಗೆ ಹೋಗಿ ಕೇಳಿದ್ರ ಯಾವ ಸಾಹೇಬ್ರೂ ಮಾಡಂಗಿಲ್ಲ. ಅವರ್ನ ಅತಿಥಿ ಮಾಡಿ ಕರಸೂಣು. ಅಷ್ಟು ಮಂದಿ ಮುಂದ ಸ್ಟೇಜ್ ಮ್ಯಾಲ ಕುಂತ ಮನಷ್ಯಾ ಒಲ್ಲೆ ಅನ್ನಂಗಿಲ್ಲ. ಕಡೀಕ ನಿನಗ ಐದು ನಿಮಿಷ ಇಡ್ತೀನಿ, ಎದ್ದು ನಿಂತು ಕೇಳಿಬಿಡು" ಎಂದ. ಇಂಥ ಬುದ್ಧಿ ನನಗೇಕೆ ಹೊಳೆಯಲಿಲ್ಲ ಎಂದು ನಾನು ನಾಚಿಕೊಂಡೆ. ಒಂದೇ ಶರತ್ತು: ಸಾಹೇಬರ ಪರಿಚಯ ಇದ್ದವನು ನಾನೊಬ್ಬನೇ, ಹಾಗಾಗಿ ಅವರನ್ನು ಪರಿಚಯಿಸಬೇಕಾದವನೂ ನಾನೇ.

ಸಮ್ಮೇಳನ ಸಮಾನತೆಯದಾದ್ದರಿಂದ ಕೂರುವ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಅತಿಥಿಗಳಿಗೆ ಸೋಫಾ, ಮೇಷ್ಟ್ರುಗಳಿಗೆ ಪ್ಲಾಸ್ಟಿಕ್ ಕುರ್ಚಿ, ನಾಡಗೀತೆ ಹಾಡಲು ಬಂದ ಮಕ್ಕಳಿಗೆ ನೆಲ. ಊಟಕ್ಕೂ ಹಾಗೆಯೇ; ಒಳಗಿನ ಕೋಣೆಯಲ್ಲಿ ಹೋಳಿಗೆ, ಹೊರಗಿನ ಸಾಲಿನಲ್ಲಿ ಚಿತ್ರಾನ್ನ. ಮೊದಲ ಅತಿಥಿ ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಗೋಡೆಯಾಚೆ ಆಟ ನಡೆದಿದೆ. ಈಚೆ ಎತ್ತರದವನು, ನಡುವಿನವನು, ಗಿಡ್ಡ ಎಂದು ಮೂವರು ಹುಡುಗರು. ಮೂವರಿಗೂ ಆಟ ಕಾಣಬೇಕಾದರೆ ಯಾರ ಕಾಲಡಿಗೆ ಎಷ್ಟು ಪೆಟ್ಟಿಗೆ ಇಡಬೇಕು ಎಂಬುದು ಪ್ರಶ್ನೆ. ಎಲ್ಲರೂ ತಲೆದೂಗಿದೆವು. ಎರಡನೆಯ ಅತಿಥಿಯೂ ಅದೇ ಚಿತ್ರ ತಂದಿದ್ದರು. ಮೂರನೆಯವರು, "ಈಗಾಗಲೇ ನೋಡಿದ್ದೀರಿ, ಆದರೂ ಇನ್ನೊಮ್ಮೆ ನೋಡೋಣ" ಎಂದು ಪ್ರೀತಿಯಿಂದ ತೋರಿಸಿದರು. ನನ್ನ ಹಿಂದೆ ಕೂತಿದ್ದ ಮೇಷ್ಟ್ರೊಬ್ಬರು, "ಆ ಹುಡುಗೂರು ಮುಂಜಾನಿಂದ ಅಲ್ಲೇ ನಿಂತಾವಲ್ಲೋ, ಉಂಡಾವೋ ಇಲ್ಲೋ" ಎಂದು ಮರುಗಿದರು. ಪ್ರತಿಯೊಬ್ಬ ಅತಿಥಿಯೂ ಎರಡೇ ಮಾತು ಆಡುತ್ತೇನೆಂದು ಎದ್ದರು. ಒಂದೊಂದು ಮಾತಿನೊಳಗೆ ನಮ್ಮ ಬಸಾಪುರದ ಕೆರೆಯಷ್ಟು ನೀರಿತ್ತು. ನಾನು ಕೈಗಡಿಯಾರ ನೋಡಿಕೊಳ್ಳುತ್ತ, ಜೇಬಿನಲ್ಲಿದ್ದ ನನ್ನ ಐದು ನಿಮಿಷ ಬೆಣ್ಣೆಯಂತೆ ಕರಗುವುದನ್ನು ಅನುಭವಿಸುತ್ತ ಕೂತೆ.

ಬಸ್ಸಿನ ಸಾಹೇಬರ ಸರದಿ ಬಂತು. ಪರಿಚಯಿಸಲು ಎದ್ದೆ. ಇಲ್ಲಿ ಒಂದು ಮಾತು ಹೇಳಬೇಕು: ನಮ್ಮ ಕಡೆ ಅತಿಥಿಯನ್ನು ಕಡಿಮೆ ಹೊಗಳುವುದೆಂದರೆ ಊಟಕ್ಕೆ ಕರೆದು ಅರ್ಧ ಎಲೆ ಬಡಿಸಿದಂತೆ. ಅದಲ್ಲದೆ ಕೇಳುವುದು ಆಮೇಲೆ ಇದೆಯಲ್ಲ, ಮೊದಲು ಮನಸ್ಸು ಮೆತ್ತಗಾಗಲಿ ಎಂಬ ಲೆಕ್ಕ ನನ್ನದು. ಮೈಕು ಕೈಗೆ ಬಂದಿತು, ನಾಲಿಗೆ ತನ್ನ ರೂಢಿಯ ದಾರಿ ಹಿಡಿಯಿತು. ವೇಳೆಗೆ ಇವರಷ್ಟು ಬೆಲೆ ಕೊಡುವವರಿಲ್ಲ ಎಂದೆ. ಇವರು ಬಂದ ಮೇಲೆ ಬಸ್ಸು ಕಾಣದ ಹಳ್ಳಿ ಉಳಿದಿಲ್ಲ ಎಂದೆ. ಹಳ್ಳಿಯ ಹೆಣ್ಣುಮಕ್ಕಳು ಇವತ್ತು ಶಾಲೆ ಕಲಿಯುತ್ತಿದ್ದರೆ ಈ ಪುಣ್ಯಾತ್ಮರಿಂದ ಎಂದೆ. ಸಭೆ ಚಪ್ಪಾಳೆ ಹೊಡೆಯಿತು. ಶಾಲು ಬಂತು. ವೀರಣ್ಣನ ತೋಟದ ದಾಳಿಂಬೆಯ ಬುಟ್ಟಿ ನನ್ನ ಕೈಯಿಂದಲೇ ಅವರ ಕೈಗೆ ಹೋಯಿತು. ಸಾಹೇಬರ ಕಣ್ಣು ನಿಜವಾಗಿಯೂ ತುಂಬಿ ಬಂದಿತ್ತು. ಮೈಕು ಹಿಡಿದು, "ನನಗ ಇಂಥಾ ಕಡೀಗೆ ಬಂದ್ರ ಬರೇ ತಕರಾರ ಕೇಳಬೇಕಾಗತೈತಿ ಅಂತ ಹೆದರಿಕೋಂತ ಬಂದಿದ್ನಿರಿ. ಆದ್ರ ಹಳ್ಳಿ ಸಾಲಿ ಮಾಸ್ತರ ಸ್ವತಃ ಹೇಳಿದ್ರಲ್ಲ, ಹೆಣ್ಮಕ್ಕಳಿಗೆ ಎಲ್ಲಾ ಅನುಕೂಲ ಆಗೇತಿ ಅಂತ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗ ಬ್ಯಾಡ್ರಿ" ಎಂದರು. ಮತ್ತೆ ಚಪ್ಪಾಳೆ. ನಾನೂ ಹೊಡೆದೆ, ಕೈ ಅದೇ ರೂಢಿಯದು.

ಕೊನೆಗೆ ಹೊತ್ತಾಯಿತೆಂದು ನನ್ನ ಐದು ನಿಮಿಷವನ್ನು ವಂದನಾರ್ಪಣೆಗೆ ಕೊಟ್ಟುಬಿಟ್ಟರು. ಸಾಹೇಬರು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟಿದ್ದರು. ಓಡಿಹೋಗಿ ಕಾರಿನ ಹತ್ತಿರ ಹಿಡಿದೆ. ಹೆಗಲ ಮೇಲೆ ನಮ್ಮ ಶಾಲು, ತೊಡೆಯ ಮೇಲೆ ನಮ್ಮ ಬುಟ್ಟಿ, ಮುಖದ ತುಂಬ ಸಂತೋಷ. ಈಗಷ್ಟೇ ಮಂದಿಯ ಮುಂದೆ ಪುಣ್ಯಾತ್ಮ ಎಂದವರಿಗೆ, ಸಂಜೆಯ ಬಸ್ಸು ಹುಡುಗಿಯರನ್ನು ಬಿಟ್ಟು ಹೋಗುತ್ತದೆ ಎಂದು ಯಾವ ಬಾಯಿಂದ ಹೇಳಲಿ? ಶಾಲು ಹೊದಿಸಿದ ಮೇಲೆ ದೂರು ಹೇಳುವ ಪದ್ಧತಿ ನಮ್ಮಲ್ಲಿಲ್ಲ. "ಏನರ ಹೇಳೂದಿತ್ತೇನ್ರಿ ಮಾಸ್ತರ?" ಎಂದು ಅವರೇ ಕೇಳಿದರು. "ಏನಿಲ್ರಿ ಸರ. ಭಾಳ ಛಲೋ ಮಾತಾಡಿದ್ರಿ" ಎಂದೆ. ಕಾರು ಹೋಯಿತು.

ಹನುಮವ್ವ ಸಂತೆಯಲ್ಲಿ ಸಿಕ್ಕು, "ಬಸ್ಸಿಂದು ಮಾತಾಡಿದ್ರೇನ್ರಿ ಸರ?" ಎಂದಾಗ, "ಮಾತಾಡೀನವ್ವ" ಎಂದೆ. ಸುಳ್ಳಲ್ಲ, ಮಾತಾಡಿದ್ದೆ. ದೀಪಾವಳಿ ರಜೆ ಮುಗಿದು ಶಾಲೆ ತೆರೆದಾಗ ಮುಂದಿನ ಬೆಂಚು ಖಾಲಿಯಿತ್ತು. ಹನುಮವ್ವನ ಮನೆಗೆ ಹೋದೆ. ಅವಳು ಬೈಯಲಿಲ್ಲ. ನೀರು ಕೊಟ್ಟಳು, "ನೀವರ ಏನ್ ಮಾಡ್ತೀರ್ರಿ ಸರ" ಎಂದಳು. ರೇಣುಕಾ ಒಳಗಿನಿಂದ ಇಣುಕಿ, ಪಾಠ ಎಲ್ಲಿಗೆ ಬಂತೆಂದು ಕೇಳಿದಳು. ಕೊಟ್ಟ ನೀರಷ್ಟೇ ಕುಡಿದು ಎದ್ದು ಬಂದೆ. ಇಷ್ಟು ವರ್ಷ ಮಾತನ್ನೇ ತಿಂದು ಬದುಕಿದವನಿಗೆ ಅಂಥ ಗತಿ ಅದೇ ಮೊದಲು.

ಆದರೆ ಕೊಪ್ಪಳದಲ್ಲಿ ನನ್ನ ಪರಿಚಯ ಭಾಷಣವನ್ನು ಮೆಚ್ಚಿದವರು ಇದ್ದರು. ಗಂಗಾವತಿಯಲ್ಲಿ ಇಂಥದೇ ಸಮ್ಮೇಳನಕ್ಕೆ ನನ್ನನ್ನು ಅತಿಥಿಯಾಗಿಯೇ ಕರೆದರು. ಮನೆಗೆ ಕಾರು ಕಳಿಸಿದರು. ಹೋಗುವ ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ: ಇವತ್ತು ಯಾರನ್ನೂ ಹೊಗಳುವುದಿಲ್ಲ, ರೇಣುಕಾಳ ವಿಷಯ ಹೇಳುತ್ತೇನೆ, ಎರಡೇ ಮಾತು. ಹೇಳಿದೆ. ಆ ಖಾಲಿ ಬೆಂಚನ್ನು ವರ್ಣಿಸಿದೆ. ಹನುಮವ್ವ ಕೊಟ್ಟ ನೀರನ್ನು ವರ್ಣಿಸಿದೆ. ಸಭೆಯಲ್ಲಿ ಒಂದಿಬ್ಬರು ಕಣ್ಣೊರೆಸಿಕೊಂಡರು. ಅಷ್ಟು ಚೆನ್ನಾಗಿ ಕೇಳುವವರನ್ನು ಬಿಟ್ಟು ಯಾರು ಕೂರುತ್ತಾರೆ? ಮುಗಿಸಿದಾಗ ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ಶಾಲು ಹೊದಿಸಿದರು. ಹೊತ್ತಾಯಿತೆಂದು ನೇರವಾಗಿ ವಂದನಾರ್ಪಣೆಗೆ ಹೋದರು.

ಹೊರಗೆ ಬಂದಾಗ ನವಲಿಯಿಂದ ಬಂದ ಮೇಷ್ಟ್ರೊಬ್ಬರು ಬಾಗಿಲ ಬಳಿ ನಿಂತಿದ್ದರು. ಕಾರ್ಯಕ್ರಮದ ಕೊನೆಗೆ ಅವರ ಹೆಸರಿತ್ತೆಂದೂ ಅವರಿಗೆ ಐದು ನಿಮಿಷ ಇಟ್ಟಿದ್ದರೆಂದೂ ನನಗೆ ಆಗ ನೆನಪಾಯಿತು. "ನಿಮ್ಮದು ಏನೋ ಹೇಳೂದಿತ್ತಲ್ರಿ?" ಎಂದೆ. ಅವರು ನನ್ನ ಮುಖ ನೋಡಿದರು, ಹೆಗಲ ಮೇಲಿನ ಶಾಲು ನೋಡಿದರು. "ಏನಿಲ್ರಿ ಸರ. ಭಾಳ ಛಲೋ ಮಾತಾಡಿದ್ರಿ" ಎಂದರು. ಶಾಲು ತೆಗೆದು ಬಗಲಿಗಿಟ್ಟು ಇನ್ನೊಮ್ಮೆ ಕೇಳಬಹುದಿತ್ತು. ಆದರೆ ಹೊತ್ತು ಮುಳುಗುತ್ತಿತ್ತು, ನನ್ನನ್ನು ಮನೆಗೆ ಬಿಡುವ ಕಾರು ಬಾಗಿಲಿಗೇ ಬಂದು ನಿಂತಿತ್ತು.